ನೇಣು ಬೇಡುವ ಕವಿತೆಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗೆಳೆಯರ ಕವಿತೆಗಳಲ್ಲಿ ನೇಣಿನ ಹಗ್ಗ ಮತ್ತೆ ಮತ್ತೆ ಬರುತ್ತದೆ. ಅದರ ಹಿಂದಿನ ಸಂಕಟ ಸುಳ್ಳಲ್ಲ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಆ ಬೂದಿ ಕಂಡವರ ಬಾಯಿಗೆ 'ಗಲ್ಲಿಗೆ ಹಾಕಿ' ಅನ್ನೋದಲ್ಲದೆ ಇನ್ನೇನು ಬಂದೀತು?

ಆದರೆ ಅನುಭವಕ್ಕೆ ಇನ್ನೊಂದು ಮಗ್ಗುಲೂ ಉಂಟು. ಊರಲ್ಲಿ ಕಳವಾದರೆ ಪೊಲೀಸರು ಮೊದಲು ಬರೋದು ನಮ್ಮ ಕೇರಿಗೇ. ಲಾಕಪ್ಪಿನ ಬಾಗಿಲಲ್ಲಿ ಮಗನಿಗಾಗಿ ಕೂತ ತಾಯಿಗೆ ಗಲ್ಲು ಎಂಬ ಮಾತು ಬೇರೆಯಾಗಿಯೇ ಕೇಳುತ್ತದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ವರದಿಯ ಪ್ರಕಾರ ಮರಣದಂಡನೆಯ ಕೈದಿಗಳಲ್ಲಿ ನೂರಕ್ಕೆ 74 ಮಂದಿ ಬಡವರು. ಕಂಬಾಲಪಲ್ಲಿಯಲ್ಲಿ ಯಾರ ಕೊರಳಿಗೂ ಬೀಳದ ಹಗ್ಗಕ್ಕೆ ಬಡವನ ಕೊರಳು ಮಾತ್ರ ಬೇಗ ಸಿಗುತ್ತೆ.

ಜಾತಿಯ ಉರಿ ಉಂಡ ಬಾಬಾಸಾಹೇಬರೇ 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಈ ಶಿಕ್ಷೆಯನ್ನೇ ರದ್ದುಮಾಡುವುದು ಸರಿ ಎಂದರು.

ಗೆಳೆಯರೇ, ಸಿಟ್ಟು ಬಿಡಿ ಅಂತ ನಾವು ಹೇಳುತ್ತಿಲ್ಲ. ಕಂಬಾಲಪಲ್ಲಿಯಲ್ಲಿ ಶಿಕ್ಷೆ ಕಡಿಮೆಯಾಗಲಿಲ್ಲ, ಶಿಕ್ಷೆಯೇ ಆಗಲಿಲ್ಲ. ಸಾಕ್ಷಿಗಳು ಯಾಕೆ ತಿರುಗಿಬಿದ್ದರು? ನಮ್ಮ ಕವಿತೆ ಹಗ್ಗ ಕೇಳೋದು ಬಿಟ್ಟು ಇದರ ಲೆಕ್ಕ ಕೇಳಲಿ.