ವೆಕ್ಟರ್‌ಗೆ ಹುಟ್ಟಿದ ಸ್ಟ್ಯಾಕ್

ಇನ್‌ಹೆರಿಟೆನ್ಸ್ ಬೇಕೋ ಕಾಂಪೋಸಿಷನ್ ಬೇಕೋ ಅನ್ನೋ ಪ್ರಶ್ನೆ ಬಂದಾಗಲೆಲ್ಲ ನಮ್ಮ ಪಠ್ಯಪುಸ್ತಕಗಳು ನಾಯಿ, ಬೆಕ್ಕು, ಪ್ರಾಣಿ ಅಂತ ಶುರು ಮಾಡ್ತವೆ. ಆಫೀಸಲ್ಲಿ ನಾಯಿ ಬೊಗಳಿಸೋ ಕೋಡ್ ಬರೆದವರನ್ನ ನಾನಂತೂ ನೋಡಿಲ್ಲ. ಅದರ ಬದಲು ಜಾವಾದ ಸ್ವಂತ ಲೈಬ್ರರಿಯಲ್ಲೇ ಕೂತಿರುವ ಸ್ಟ್ಯಾಕ್ ಕ್ಲಾಸನ್ನು ಓದಿಸಬೇಕು ಅನ್ನೋದು ನನ್ನ ವಾದ.

ಸ್ಟ್ಯಾಕ್ ಅಂದ್ರೆ ದರ್ಶಿನಿಯಲ್ಲಿ ತೊಳೆದಿಟ್ಟ ತಟ್ಟೆಗಳ ಅಟ್ಟಿ. ಮೇಲಿಡಬೇಕು, ಮೇಲಿಂದಲೇ ತೆಗೀಬೇಕು. ಆದ್ರೆ 1996ರಲ್ಲಿ ಜಾವಾ 1.0 ಬಂದಾಗಲೇ ಇದನ್ನು ವೆಕ್ಟರ್‌ನ ಮಗುವಾಗಿ ಹುಟ್ಟಿಸಿಬಿಟ್ಟಿದ್ದರು. ತನ್ನದು ಅಂತ ಇದು ಸೇರಿಸಿಕೊಂಡಿದ್ದು ಪುಶ್, ಪಾಪ್, ಪೀಕ್, ಎಂಪ್ಟಿ, ಸರ್ಚ್ ಎಂಬ ಐದೇ ಮೆಥಡ್. ಉಳಿದದ್ದೆಲ್ಲ ವೆಕ್ಟರ್ ಮನೆಯಿಂದ ಬಂದದ್ದು. ನಡುವಿನ ತಟ್ಟೆ ಎಳೆಯಬಹುದು, ತಳದಲ್ಲಿ ಹೊಸದನ್ನು ತುರುಕಬಹುದು, ಕಂಪೈಲರ್ ತುಟಿ ಪಿಟಕ್ ಅನ್ನಲ್ಲ. ಫಾರ್ ಲೂಪ್ ಹಾಕಿ ನೋಡಿ, ತಳದಿಂದ ಮೇಲಕ್ಕೆ ಓದುತ್ತೆ. ಪಾಪ್ ಮಾಡಿದರೆ ಸಿಗುವ ಕ್ರಮಕ್ಕೆ ತದ್ವಿರುದ್ಧ. ಅಪ್ಪನ ಮನೆ ಜೊತೆ ಅಪ್ಪನ ಬಾಡಿಗೆದಾರರೂ ಬಂದ ಹಾಗೆ.

ಇದನ್ನೇ ಒಳಗೊಂದು ವೆಕ್ಟರನ್ನು ಪ್ರೈವೇಟ್ ಆಗಿ ಇಟ್ಟುಕೊಂಡು ಬರೆದಿದ್ದರೆ? ಐದು ಮೆಥಡ್ ಮಾತ್ರ ಹೊರಗೆ ಕಾಣ್ತಿತ್ತು. ಒಳಗೆ ಬೇರೆ ಏನನ್ನೋ ಹಾಕಿದರೂ ಬಳಸುವವರಿಗೆ ಗೊತ್ತಾಗ್ತಿರಲಿಲ್ಲ. ಈಗ ಹಾಗೆ ಬದಲಾಯಿಸೋಕಾಗಲ್ಲ, ಯಾಕಂದ್ರೆ ಸ್ಟ್ಯಾಕನ್ನು ವೆಕ್ಟರ್ ಅಂತಲೇ ಎಲ್ಲಿಗೋ ಪಾಸ್ ಮಾಡಿರೋ ಹಳೇ ಕೋಡ್ ಮುರಿಯುತ್ತೆ. ಕೊನೆಗೆ ಜಾವಾದವರೇ ಡಾಕ್ಯುಮೆಂಟೇಷನ್‌ನಲ್ಲಿ ಇದರ ಬದಲು ಡೆಕ್ ಬಳಸಿ ಅಂತ ಬರೆದು ಕೈತೊಳೆದುಕೊಂಡರು. ಕಾಂಪೋಸಿಷನ್ ಕಡೆ ಒಲವಿರಲಿ ಅನ್ನೋ ಸಲಹೆ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ 1994ರಲ್ಲೇ ಅಚ್ಚಾಗಿತ್ತು ಅನ್ನೋದು ಇನ್ನೂ ಬೇಜಾರಿನ ವಿಷಯ.

ಹಾಗಂತ ಆ ಸಲಹೆಯನ್ನು ಮಂತ್ರದ ಹಾಗೆ ಜಪಿಸೋರೂ ನನಗೆ ಹಿಡಿಸಲ್ಲ. ಅದೇ ಜಾವಾದಲ್ಲಿ ಫೈಲ್‌ನಾಟ್‌ಫೌಂಡ್ ಎಕ್ಸೆಪ್ಷನ್ ಅನ್ನೋದು ಐಓ ಎಕ್ಸೆಪ್ಷನ್‌ನ ಮಗು. ಅಲ್ಲಿ ಆ ಸಂಬಂಧ ಒಪ್ಪುತ್ತೆ. ಐಓ ಎಕ್ಸೆಪ್ಷನ್ ಹಿಡಿಯೋಕೆ ಬರೆದ ಕ್ಯಾಚ್ ಇದನ್ನೂ ಹಿಡಿಯಬೇಕು, ಹಿಡಿಯುತ್ತೆ. ಕಾಂಪೋಸಿಷನ್‌ಗೂ ಖರ್ಚಿದೆ. ದೊಡ್ಡ ಇಂಟರ್ಫೇಸಿನ 20 ಮೆಥಡ್‌ಗಳನ್ನು ಒಂದೊಂದಾಗಿ ಒಳಗಿನ ಆಬ್ಜೆಕ್ಟಿಗೆ ದಾಟಿಸೋ ಕೋಡ್ ಬರೆಯೋದು ಮಹಾ ಬೋರು. (ಐಡಿಇ ಬರೆದುಕೊಡುತ್ತೆ ನಿಜ, ಓದಬೇಕಾದವರು ನಾವೇ ತಾನೆ?)

ಕೋಡ್ ರಿವ್ಯೂನಲ್ಲಿ ‘ಎಕ್ಸ್‌ಟೆಂಡ್ಸ್’ ಕಂಡಾಗ ನಾನು ಕೇಳೋದು ಒಂದೇ. ಅಪ್ಪನ ಪ್ರತಿಯೊಂದು ಪಬ್ಲಿಕ್ ಮೆಥಡ್ಡನ್ನೂ ಮಗುವಿನ ಮೇಲೆ ಕರೆದರೆ ಅರ್ಥ ಇದೆಯಾ? ‘ನಾಲ್ಕು ಸಾಲು ಉಳಿಯುತ್ತೆ ಸರ್’ ಅನ್ನೋ ಉತ್ತರ ಬಂದರೆ ಅಪ್ರೂವ್ ಒತ್ತಲ್ಲ.