ಪ್ರಥಮ ವರ್ತಮಾನ ವರದಿಯ ಟೀಕು

ಠಾಣೆಯಲ್ಲಿ ಬರೆಯುವ ಈ ಪುಟದ ಶಿರೋನಾಮೆಯೇ ಮೂಲದ ಮೊದಲ ಪಂಕ್ತಿ: ‘ಪ್ರಥಮ ವರ್ತಮಾನ ವರದಿ’. ಪ್ರಥಮವೆಂದರೆ ಮೊದಲನೆಯದು. ಯಾವುದಕ್ಕೆ ಮೊದಲು? ತನಿಖೆಗೆ ಮೊದಲು. ವರ್ತಮಾನವೆಂದರೆ ವ್ಯಾಕರಣದಲ್ಲಿ ಈಗ ನಡೆಯುತ್ತಿರುವ ಕಾಲ. ಕನ್ನಡದ ಬಳಕೆಯಲ್ಲಿ ಸುದ್ದಿ, ಸಮಾಚಾರ. ಇಲ್ಲಿ ಎರಡನೆಯ ಅರ್ಥವೇ ಗ್ರಾಹ್ಯ. ವರದಿಯೆಂದರೆ ಆ ಸುದ್ದಿಯ ಬರಹರೂಪ. ಆದ್ದರಿಂದ ಈ ಪುಟ ಸಾಕ್ಷಿಯೂ ಅಲ್ಲ, ತೀರ್ಪೂ ಅಲ್ಲ. ಒಬ್ಬರು ತಂದ ಸುದ್ದಿಯನ್ನು ಇನ್ನೊಬ್ಬರು ಬರೆದುಕೊಂಡದ್ದು, ಅಷ್ಟೇ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಇದನ್ನು ಎಫ್‌ಐಆರ್ ಎಂದೇ ಕರೆಯುವರು. ಇದನ್ನು ಬರೆಸುವುದಕ್ಕೆ ‘ಕೇಸ್ ಮಾಡಿಸೋದು’ ಎನ್ನುವರು. ಶಿರೋನಾಮೆಯ ಕೆಳಗೆ ‘ಕಲಂ 173’ ಎಂದಿದೆ. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ. 2024ರ ಜುಲೈ 1ಕ್ಕೆ ಮುಂಚೆ ಇದೇ ಜಾಗದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 154 ಇತ್ತು.

ಎರಡನೆಯ ಪಂಕ್ತಿ: ‘ಜಿಲ್ಲೆ, ವೃತ್ತ/ಉಪವಿಭಾಗ, ಪೊಲೀಸ್ ಠಾಣೆ’. ಇಲಾಖೆಯ ಏಣಿ ಇಲ್ಲಿ ಅಡ್ಡ ಮಲಗಿದೆ. ಕೊನೆಯ ಪದದಿಂದ ಹತ್ತಿದರೆ ಅರ್ಥ ಸುಲಭ. ಠಾಣೆ ಎಂಬುದು ಸಂಸ್ಕೃತದ ಸ್ಥಾನದಿಂದ ಬಂದದ್ದು. ನಿಂತಿರುವ ಜಾಗ, ಕಾವಲು ಕೂತ ಜಾಗ ಎಂದರ್ಥ. ಸಾಮಾನ್ಯವಾಗಿ ಇದರ ಯಜಮಾನ ಪಿ.ಎಸ್.ಐ, ಅವನ ಕೆಳಗೆ ಎ.ಎಸ್.ಐ, ಹವಾಲ್ದಾರ, ಪೇದೆ. ಹವಾಲ್ದಾರನೆಂದರೆ ‘ಹವಾಲಾ’ ಉಳ್ಳವನು, ಅಂದರೆ ಒಂದು ಜವಾಬ್ದಾರಿಯನ್ನು ವಶಕ್ಕೆ ಪಡೆದವನು. ಕಾಗದದಲ್ಲಿ ಇವನೇ ಹೆಡ್ ಕಾನ್ಸ್‌ಟೇಬಲ್. ಕೆಲವು ಠಾಣೆಗಳನ್ನು ಒಂದು ಗೆರೆಯೊಳಗೆ ತಂದರೆ ವೃತ್ತ. ಅದರ ಒಡೆಯ ಸಿ.ಪಿ.ಐ. ವೃತ್ತಗಳ ಗುಂಪು ಉಪವಿಭಾಗ, ಅಲ್ಲಿ ಡಿವೈ.ಎಸ್.ಪಿ ಕೂರುವನು. ಆಳಂದ ಇಂಥ ಒಂದು ಉಪವಿಭಾಗದ ಊರು. ಮೂರು ತಾಲೂಕುಗಳಲ್ಲಿ ಊರ ಹೆಸರಿನ ಠಾಣೆಗಳಲ್ಲದೆ ನಿಂಬರ್ಗಾ, ಮಾದನಹಿಪ್ಪರಗಾ, ನರೋಣಾ, ರೇವೂರು, ದೇವಲಗಾಣಗಾಪುರ, ನೆಲೋಗಿಗಳಲ್ಲಿಯೂ ಠಾಣೆಗಳಿವೆ. ಎಲ್ಲರ ಮೇಲೆ ಜಿಲ್ಲೆಯ ವರಿಷ್ಠಾಧಿಕಾರಿ, ಅಂದರೆ ಎಸ್.ಪಿ. ಅವರ ಮೇಲೆ ಈಶಾನ್ಯ ವಲಯದ ಮಹಾನಿರೀಕ್ಷಕರು ಕಲಬುರಗಿಯಲ್ಲೇ ಇರುವರು; ಆದರೆ ಅವರಿಗೆ ಈ ಪುಟದಲ್ಲಿ ಜಾಗವಿಲ್ಲ. ಸುದ್ದಿ ತಂದವನಿಗೆ ಬೇಕಾದಷ್ಟು ಮೆಟ್ಟಿಲುಗಳನ್ನು ಮಾತ್ರ ಮೂಲಕಾರ ತೋರಿಸಿದ್ದಾನೆ.

ಇಲ್ಲಿ ಒಂದು ಶಂಕೆ. ಕಲಬುರಗಿಯಲ್ಲಿ ಪೊಲೀಸ್ ಕಮಿಷನರ್ ಇದ್ದಾರಲ್ಲ, ಅವರೇಕೆ ಈ ಪಂಕ್ತಿಯಲ್ಲಿ ಇಲ್ಲ? ಸಮಾಧಾನ: 2019ರಿಂದ ಕಲಬುರಗಿ ನಗರಕ್ಕೆ ಪ್ರತ್ಯೇಕ ಕಮಿಷನರೇಟ್ ಆಗಿದೆ. ನಗರದ ಗೆರೆಯೊಳಗೆ ಕಮಿಷನರ್, ಗೆರೆಯ ಹೊರಗೆ ಎಸ್.ಪಿ. ಕಮಿಷನರಿಗೆ ಪೊಲೀಸಿನ ಅಧಿಕಾರದ ಜೊತೆಗೆ ನಿಷೇಧಾಜ್ಞೆ ಹೊರಡಿಸುವ ಮ್ಯಾಜಿಸ್ಟ್ರೇಟ್ ಅಧಿಕಾರವೂ ಉಂಟು; ಗೆರೆಯ ಹೊರಗೆ ಆ ಅಧಿಕಾರ ಜಿಲ್ಲಾಧಿಕಾರಿ, ತಹಶೀಲ್ದಾರರ ಕೈಯಲ್ಲಿ. ಹೀಗಾಗಿ ಜೇವರ್ಗಿಯ ಬಜಾರಿನಲ್ಲಿ ಗುಂಪು ಸೇರಬಾರದೆಂದು ಆಜ್ಞೆಯಾದರೆ ಸಹಿ ಕಂದಾಯದವರದು, ಲಾಠಿ ಪೊಲೀಸರದು.

‘ಗುನ್ನೆ ನಂಬರ್’. ಮೈಸೂರು ಕಡೆಯ ಠಾಣೆಗಳಲ್ಲಿ ಇದು ಮೊಕದ್ದಮೆ ನಂಬರ್, ‘ಮೊ.ನಂ.’ ಇಲ್ಲಿ ಗುನ್ನೆ. ಪಾರಸಿಯ ‘ಗುನಾಹ್’, ಎಂದರೆ ತಪ್ಪು, ಪಾಪ, ಕನ್ನಡದ ಬಾಯಲ್ಲಿ ಗುನ್ನೆಯಾಗಿದೆ. ಈ ಒಂದು ಪದದಲ್ಲಿ ಸೀಮೆಯ ಚರಿತ್ರೆ ಅಡಗಿದೆ. ಕಲಬುರಗಿ, ಅಂದಿನ ಗುಲ್ಬರ್ಗಾ, 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಠಾಣೆಯ ಮುಖ್ಯಸ್ಥ ಅಮೀನ, ಅಂದರೆ ನಂಬಿಕೆಗೆ ಅರ್ಹನಾದವನು. ಜಿಲ್ಲೆಯ ಮೇಲಾಧಿಕಾರಿ ಮೊಹತಮೀಮ, ಅಂದರೆ ವ್ಯವಸ್ಥೆ ನೋಡಿಕೊಳ್ಳುವವನು. ಅವರನ್ನು ನಡೆಸುತ್ತಿದ್ದುದು ಫಸಲಿ 1329ರ ಹೈದರಾಬಾದ್ ಜಿಲ್ಲಾ ಪೊಲೀಸ್ ಕಾಯ್ದೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರ ಪೊಲೀಸ್ ಕಾಯ್ದೆ ಹಳೆಯದನ್ನು ರದ್ದುಗೊಳಿಸಿತು. ಕಾಯ್ದೆ ಹೋಯಿತು, ಅಮೀನ ಹೋದ, ಗುನ್ನೆ ಉಳಿಯಿತು. ಇನ್ನು ನಂಬರ್: ಅದು ಪ್ರತಿ ಜನವರಿಗೆ ಒಂದರಿಂದ ಶುರುವಾಗಿ, ಪಕ್ಕದಲ್ಲಿ ಇಸವಿಯನ್ನು ಹೊತ್ತು ನಡೆಯುವುದು. ನಂಬರ್ ಬಿದ್ದ ಮೇಲೆ ಆ ಸುದ್ದಿಯನ್ನು ಯಾರೂ ಮಡಚಿ ಜೇಬಿಗೆ ಹಾಕಿಕೊಳ್ಳಲಾಗದು. ‘ಬರ್ಕೊಂಡಾರ, ನಂಬರ್ ಕೊಟ್ಟಿಲ್ಲ’ ಎಂದು ಊರಲ್ಲಿ ಹೇಳುವ ಮಾತಿನ ದುಃಖ ಇದರಿಂದ ತಿಳಿಯುವುದು.

‘ಕೃತ್ಯ ನಡೆದ ದಿನ, ವೇಳೆ’ ಮತ್ತು ‘ಠಾಣೆಗೆ ವರ್ತಮಾನ ಬಂದ ದಿನ, ವೇಳೆ’. ಮೂಲಕಾರ ಎರಡು ಗಡಿಯಾರಗಳನ್ನು ಎದುರುಬದುರು ಇಟ್ಟಿದ್ದಾನೆ. ನಡುವಿನ ಅಂತರಕ್ಕೆ ಬೇರೆಯೇ ಅಂಕಣವಿದೆ: ‘ತಡವಾದುದಕ್ಕೆ ಕಾರಣ’. ದೃಷ್ಟಾಂತಕ್ಕೆ, ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಹೊಲವೊಂದರ ಮೋಟರು ರಾತ್ರಿ ಕಳುವಾಯಿತು ಎನ್ನೋಣ. ರೈತ ಬೆಳಗ್ಗೆ ನೋಡಿದ. ಆಜುಬಾಜು ಹೊಲದವರನ್ನು ಕೇಳಿದ. ಮೂರನೆಯ ದಿನ ಠಾಣೆಗೆ ಬಂದ. ಆಗ ಈ ಅಂಕಣದಲ್ಲಿ ಬರುವ ವಾಕ್ಯ ಈ ಸೀಮೆಯಲ್ಲಿ ಹೆಚ್ಚುಕಮ್ಮಿ ಒಂದೇ: ‘ಮನೆಯಲ್ಲಿ ಹಿರಿಯರೊಂದಿಗೆ ವಿಚಾರ ಮಾಡಿ ತಡವಾಗಿ ಬಂದಿದ್ದು’. ಇದನ್ನು ಬರಿಯ ರೂಢಿವಾಕ್ಯವೆಂದು ತಳ್ಳಬಾರದು. ಇಲ್ಲಿ ಠಾಣೆ ಮೊದಲ ಬಾಗಿಲಲ್ಲ. ಮನೆಯ ಹಿರಿಯರು, ಊರ ಗೌಡರು, ಕಟ್ಟೆಯ ಮಾತು ಎಲ್ಲ ಮುಗಿದ ಮೇಲಿನ ಬಾಗಿಲು ಅದು. ಮುಂದೆ ಕೋರ್ಟಿನಲ್ಲಿ ವಕೀಲ ತನ್ನ ಸವಾಲನ್ನು ಈ ಅಂತರದಿಂದಲೇ ಎತ್ತುವನು. ಆದ್ದರಿಂದ ವಿಚಾರ ಮಾಡಿದ್ದು ನಿಜವಾದರೂ ಬರೆಯುವಾಗ ಯಾರೊಂದಿಗೆ, ಎಷ್ಟು ದಿನ ಎಂದು ಬಿಡಿಸಿ ಬರೆಸುವುದು ಲೇಸು.

‘ಠಾಣಾ ದಿನಚರಿಯ ಉಲ್ಲೇಖ’. ಚಿಕ್ಕ ಅಂಕಣ, ದೊಡ್ಡ ಪುಸ್ತಕದ ಕಡೆಗೆ ಬೊಟ್ಟು ಮಾಡುವುದು. ದಿನಚರಿಯೆಂದರೆ ಠಾಣೆಯ ಹಗಲಿರುಳು: ಯಾರು ಡ್ಯೂಟಿಗೆ ಬಂದರು, ಯಾರು ಎಲ್ಲಿಗೆ ಹೋದರು, ಎಷ್ಟು ಗಂಟೆಗೆ. ಗುನ್ನೆಯಾಗದ ಸೇವೆಯೆಲ್ಲ ಇರುವುದು ಅಲ್ಲಿ. ಹುಣ್ಣಿಮೆಗೆ ಗಾಣಗಾಪುರದ ದತ್ತನ ಸನ್ನಿಧಿಗೂ ಭೀಮಾ–ಅಮರ್ಜಾ ಸಂಗಮಕ್ಕೂ ಬರುವ ಜನಜಂಗುಳಿಗೆ ನಿಂತ ಪೇದೆ. ಆಳಂದದ ಲಾಡ್ಲೆ ಮಶಾಯಖ್ ದರ್ಗಾದ ಉರುಸಿನ ಬಂದೋಬಸ್ತು. ಅದೇ ಆವರಣದ ರಾಘವ ಚೈತನ್ಯ ಲಿಂಗಕ್ಕೆ ಶಿವರಾತ್ರಿಯಂದು ನ್ಯಾಯಾಲಯದ ಅಪ್ಪಣೆಯ ಮೇರೆಗೆ ನಡೆಯುವ ಪೂಜೆಯ ಕಾವಲು. 112ಕ್ಕೆ ಬಂದ ಕರೆಗೆ ಹೊರಟ ಗಾಡಿ. ಬಂದೋಬಸ್ತೆಂದರೆ ಕಟ್ಟುವುದು, ಬಿಗಿಯುವುದು; ಏನೂ ಆಗದಂತೆ ನೋಡಿಕೊಂಡದ್ದಕ್ಕೆ ಯಾವ ನಂಬರೂ ಬೀಳದು.

‘ಸ್ಥಳ, ಠಾಣೆಯಿಂದ ದೂರ ಮತ್ತು ದಿಕ್ಕು, ಬೀಟಿನ ಹೆಸರು’. ‘ದಕ್ಷಿಣಕ್ಕೆ 12 ಕಿ.ಮೀ.’ ಎಂದು ಬರೆದಾಗ ಠಾಣೆ ಹೊಕ್ಕುಳಾಗಿ ನಿಂತು ಲೋಕ ಅದರ ಸುತ್ತ ಅಳೆಯಲ್ಪಡುವುದು. ಬೀಟೆಂದರೆ ಗಸ್ತಿನ ಪಾಲು. ಹದ್ದಿನೊಳಗಿನ ಊರು, ಓಣಿಗಳನ್ನು ಹಂಚಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದನ್ನು ಒಪ್ಪಿಸುವುದು. ಮೋಟರು ಹೋದ ಹೊಲ ಯಾವ ಬೀಟಿನಲ್ಲಿದೆ ಎಂದು ಬರೆದ ಕೂಡಲೇ ಅದು ಒಬ್ಬ ಪೇದೆಯ ಹೆಗಲಿಗೂ ಬಂತು. ಹದ್ದೆಂದರೆ ಎಲ್ಲೆ. ಸ್ಥಳ ಹದ್ದಿನ ಹೊರಗಿದ್ದರೆ ಏನು ಗತಿ ಎಂಬ ಶಂಕೆಗೆ ಮೂಲವೇ ಇನ್ನೊಂದು ಅಂಕಣ ಕೊಟ್ಟಿದೆ. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರಕ್ಕೆ ತಾಗಿದ ತಾಲೂಕುಗಳು. ಗಡಿಯಾಚೆಯ ಭಕ್ತರಿಗೆ ಈಚೆಯ ಗಾಣಗಾಪುರವೂ ಆಚೆಯ ಅಕ್ಕಲಕೋಟೆಯೂ ಒಂದೇ ಯಾತ್ರೆಯ ಎರಡು ಮಜಲು. ಸಂಗಮದಲ್ಲಿ ಸರ ಹೋದದ್ದು ಅಕ್ಕಲಕೋಟೆಯಲ್ಲಿ ಬಸ್ಸಿಳಿದಾಗ ಗೊತ್ತಾದರೆ, ಅಲ್ಲಿಯ ಠಾಣೆ ‘ನಮ್ಮ ಹದ್ದಲ್ಲ’ ಎನ್ನುವಂತಿಲ್ಲ. ಶೂನ್ಯ ನಂಬರಿನಲ್ಲಿ ಬರೆದುಕೊಂಡು ದೇವಲಗಾಣಗಾಪುರ ಠಾಣೆಗೆ ಕಳಿಸಬೇಕು. 173ನೆಯ ಕಲಮು ಕೃತ್ಯ ಎಲ್ಲಿಯೇ ನಡೆದಿರಲಿ ಎಂದು ಈಗ ಬಾಯಿಬಿಟ್ಟೇ ಹೇಳಿದೆ.

‘ಫಿರ್ಯಾದಿ’. ಪಾರಸಿಯ ಫರ್ಯಾದ್ ಎಂದರೆ ಕಾಪಾಡಿರೆಂಬ ಕೂಗು, ಕೂಗಿದವನು ಫಿರ್ಯಾದಿ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಜಾತಿ, ಉದ್ಯೋಗ: ಒಕ್ಕಲುತನ. ಕೂಗುವವರು ಯಾರೂ ಇಲ್ಲದ ಕೃತ್ಯವೂ ಉಂಟು. ಭೀಮೆಯ ಮರಳು ಹೋದರೆ ನದಿ ಠಾಣೆಗೆ ಬರದು. ಆಗ ಪೊಲೀಸನೇ ‘ಸರ್ಕಾರಿ ತರ್ಫೆ’, ಅಂದರೆ ಸರ್ಕಾರದ ಪರವಾಗಿ, ಫಿರ್ಯಾದಿಯಾಗುವನು. 2023ರ ಜೂನ್‌ನಲ್ಲಿ ನೆಲೋಗಿ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಮರಳಿನ ಟ್ರ್ಯಾಕ್ಟರ್ ತಡೆಯಹೋಗಿ ಅದರಡಿ ಸಿಕ್ಕು ತೀರಿಕೊಂಡರು.

ಆರೋಪಿತರ ಅಂಕಣಕ್ಕೆ ದೀರ್ಘ ವಿವರಣೆ ಬೇಡ: ಗೊತ್ತಿದ್ದರೆ ಹೆಸರು, ಇಲ್ಲವಾದರೆ ‘ಅಪರಿಚಿತ’. ಹೋದ ಮಾಲಿನ ವಿವರ ಮತ್ತು ಕಿಮ್ಮತ್ತು ಅದರ ಕೆಳಗೆ. ಸಿಕ್ಕ ಮೇಲೆ ಇದೇ ಮುದ್ದೆಮಾಲು.

‘ಪ್ರಥಮ ವರ್ತಮಾನದ ವಿವರಗಳು’. ಪುಟದ ನಡುಮನೆ ಇದು. ರೈತ ಬಂದು ಹೇಳುವುದು ಹೀಗಿರಬಹುದು: ‘ನಿನ್ನಿ ಮೊನ್ನಿ ತನಾ ನೀರ್ ಹೊಡದಾದ್ರಿ ಸಾಹೇಬ್ರ, ಮುಂಜಾನಿ ಹೋಗಿ ನೋಡ್ತೀನಿ, ಮೋಟರ್ ಇಲ್ಲ, ವಾಯರ್ ಕೊಯ್ದಾರ್ರಿ.’ ಬರೆಯುವವನ ಕೈಯಲ್ಲಿ ಅದೇ ಮಾತು ‘ಸದರಿ ಹೊಲದಲ್ಲಿನ ವಿದ್ಯುತ್ ಮೋಟರನ್ನು ಯಾರೋ ಕಳ್ಳರು ಕಳ್ಳತನ ಮಾಡಿಕೊಂಡು ಹೋಗಿದ್ದು, ಸದರಿಯವರನ್ನು ಪತ್ತೆ ಹಚ್ಚಿ ಕಾನೂನು ಕ್ರಮ ಜರುಗಿಸಲು ವಿನಂತಿ’ ಎಂದಾಗುವುದು. ಸದರಿ ಎಂದರೆ ಮೇಲೆ ಹೇಳಿದ. ಈ ಒಂದು ಪದವೇ ಹೊಲ, ಮೋಟರು, ಕಳ್ಳ ಮೂವರನ್ನೂ ಎಳೆಯುವ ಎತ್ತು. ಈ ಮಾರ್ಪಾಟಿನಲ್ಲಿ ಗಳಿಕೆಯೂ ಇದೆ, ಕಳೆತವೂ ಇದೆ. ಕೋರ್ಟಿಗೆ ತಿಳಿಯುವ ಒಕ್ಕಣೆ ದೊರೆಯಿತು. ಕೊಯ್ದ ವಾಯರ್ ಬಿಟ್ಟುಹೋಯಿತು. ಬಿಟ್ಟುಹೋದದ್ದೇ ಎಷ್ಟೋ ಸಲ ತನಿಖೆಯ ತುದಿ. ಬಲ್ಲ ಬರಹಗಾರ ಪೇದೆ ಆ ವಾಯರನ್ನು ಬಿಡನು.

‘ಕೈಗೊಂಡ ಕ್ರಮ’. ತನಿಖೆ ಯಾರು ವಹಿಸಿಕೊಂಡರು ಎಂಬುದು ಇಲ್ಲಿಯ ವಿಷಯ. ಸಾಮಾನ್ಯವಾಗಿ ಠಾಣೆಯವರೇ, ಕೆಲವು ಗುನ್ನೆಗಳು ಏಣಿ ಹತ್ತಿ ಹೋಗುವುವು. 2023ರ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಇಂಥದೇ ಪುಟವೊಂದು ತುಂಬಿತು: ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳಲ್ಲಿ ಸರಿಯಾಗಿದ್ದುದು 24 ಮಾತ್ರ ಎಂಬುದು ಅದರ ವರ್ತಮಾನ. ಫಿರ್ಯಾದಿ ಚುನಾವಣಾಧಿಕಾರಿ. ಅದು ಸಿಐಡಿಗೆ, 2025ರಲ್ಲಿ ವಿಶೇಷ ತನಿಖಾ ತಂಡಕ್ಕೆ ಹೋಯಿತು. ಮೊದಲು ಬರೆದುಕೊಂಡದ್ದು ಮಾತ್ರ ಮೋಟರು ಕಳುವನ್ನೂ ಬರೆದುಕೊಳ್ಳುವಂಥ ತಾಲೂಕು ಠಾಣೆಯೇ.

‘ಫಿರ್ಯಾದಿಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದನು, ಪ್ರತಿಯನ್ನು ಉಚಿತವಾಗಿ ಕೊಡಲಾಯಿತು’. ಈ ಪಂಕ್ತಿಯಲ್ಲಿ ಮೂರು ಕ್ರಿಯಾಪದಗಳಿವೆ. ಮೊದಲನೆಯದೂ ಮೂರನೆಯದೂ ಠಾಣೆಯ ಸಾಲಗಳು, ನಡುವಿನದು ಫಿರ್ಯಾದಿಯ ಹಕ್ಕು. ಓದಿ ಹೇಳುವುದು ಮೊದಲನೆಯದು. ಸ್ಥಳೀಯ ಭಾಷೆ ಯಾವುದು? ಬರೆದದ್ದು ಕನ್ನಡದಲ್ಲಿ, ಆಳಂದದ ಓಣಿಯಲ್ಲಿ ಮಾತು ದಖ್ಖನಿಯಲ್ಲಿ, ಗಡಿಯ ಹಳ್ಳಿಯಲ್ಲಿ ಮರಾಠಿಯಲ್ಲಿ, ತಾಂಡಾದಲ್ಲಿ ಲಂಬಾಣಿಯಲ್ಲಿ ಇರಬಹುದು. ಕೇಳುವವನಿಗೆ ತಿಳಿಯುವ ಭಾಷೆಯೆಂದೇ ಅರ್ಥ ಮಾಡಬೇಕು; ತಿಳಿಯದ ಓದು ಓದಲ್ಲ. ‘ಸದರಿ’ಯನ್ನು ಮತ್ತೆ ‘ಕೊಯ್ದ ವಾಯರ್’ಗೆ ಇಳಿಸುವ ಅವಕಾಶ ಇದೊಂದೇ. ಒಪ್ಪುವುದು ಎರಡನೆಯದು, ಒಪ್ಪಿಗೆಯಿದ್ದಲ್ಲಿ ಒಪ್ಪದಿರುವ ಹಕ್ಕೂ ಇದೆ. ಪ್ರತಿ ಕೊಡುವುದು ಮೂರನೆಯದು. ಉಚಿತವೆಂದರೆ ಕಾಗದದ ಖರ್ಚನ್ನೂ ಕೇಳದೆ. ಇನ್ನು ಠಾಣೆ ಬರೆದುಕೊಳ್ಳಲೇ ಇಲ್ಲವಾದರೆ? ಅದೇ ಕಲಮು ದಾರಿ ತೋರಿದೆ: ವರ್ತಮಾನವನ್ನು ಬರೆದು ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಎಲೆಕ್ಟ್ರಾನಿಕ್ ಮಾರ್ಗವಾಗಿ ತಿಳಿಸಿದವನು 3 ದಿನದೊಳಗೆ ಬಂದು ಸಹಿ ಮಾಡಬೇಕು. ಸಹಿ ಬಾರದವನಿಗೆ ಎಡಗೈ ಹೆಬ್ಬೆಟ್ಟು. ಮಸಿ ಒರೆಸಿಕೊಳ್ಳಲು ಒಂದು ಚೂರು ಬಟ್ಟೆ.

ಕೊನೆಯ ಪಂಕ್ತಿ: ‘ನ್ಯಾಯಾಲಯಕ್ಕೆ ಕಳಿಸಿದ ದಿನಾಂಕ, ವೇಳೆ, ಒಯ್ದ ಪಿ.ಸಿ./ಹೆಚ್.ಸಿ. ಹೆಸರು’. ಪುಟ ಠಾಣೆಯಲ್ಲಿ ಉಳಿಯಲು ಬರೆದದ್ದಲ್ಲ. ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ಮೇಲೆ ಕೂಡಿಸಿ ತಿದ್ದಲು ಬಾರದಂತೆ. ವೇಳೆಯನ್ನು ಕೇಳಿರುವುದು ಅದಕ್ಕಾಗಿ. ಎರಡನೆಯ ಪಂಕ್ತಿಯಲ್ಲಿ ಜಿಲ್ಲೆ, ಉಪವಿಭಾಗ, ವೃತ್ತವೆಂದು ಸ್ಥಾನಗಳನ್ನಷ್ಟೇ ಹೇಳಿ, ಅಲ್ಲಿ ಕೂರುವ ಯಾರ ಹೆಸರನ್ನೂ ಕೇಳದ ಮೂಲಕಾರ ಇಲ್ಲಿ ಹೆಸರು ಕೇಳಿದ್ದಾನೆ: ಕವರನ್ನು ಚೀಲಕ್ಕೆ ಹಾಕಿಕೊಂಡು ಕೋರ್ಟಿನ ಕಡೆಗೆ ಹೊರಟ ಪೇದೆಯದು.