ಅಪ್ಪನೂ ಅವನೇ, ಮಗನೂ ಅವನೇ

ಯೂಸುಫ್ ಇಸ್ಲಾಂ ಎಂದರೆ ನಮ್ಮ ಜಲ್ಸಾಗಳಲ್ಲಿ ಕೇಳಿಬರುವುದು ಒಂದೇ ಕಥೆ. ಲಂಡನ್ನಿನ ಹೆಸರಾಂತ ಗಾಯಕ ಕ್ಯಾಟ್ ಸ್ಟೀವನ್ಸ್ ಕುರ್‌ಆನ್ ಓದಿದ, 1977ರಲ್ಲಿ ಕಲಿಮಾ ಹೇಳಿದ, ಗಿಟಾರುಗಳನ್ನು ಹರಾಜಿಗಿಟ್ಟ. ಕಥೆ ಅಲ್ಲಿಗೆ ಮುಗಿಯುತ್ತದೆ. ಎಷ್ಟೋ ವರ್ಷಗಳ ನಂತರ ಮಗ ಮನೆಗೆ ಗಿಟಾರೊಂದನ್ನು ತಂದದ್ದು, ಅಪ್ಪ ಅದನ್ನೆತ್ತಿಕೊಂಡು ಮತ್ತೆ ತಂತಿ ಮೀಟಿದ್ದು, 2006ರಲ್ಲಿ 'ಆ್ಯನ್ ಅದರ್ ಕಪ್' ಆಲ್ಬಮ್ಮಿನೊಂದಿಗೆ ಮರಳಿದ್ದು - ಕಥೆಯ ಈ ಉತ್ತರಾರ್ಧವನ್ನು ಯಾವ ವೇದಿಕೆಯಿಂದಲೂ ನಾನು ಕೇಳಿಲ್ಲ.

ಆ ಉತ್ತರಾರ್ಧದ ಬಹು ಮುಖ್ಯ ಪುಟ ನನ್ನ ಮಟ್ಟಿಗೆ 2020ರಲ್ಲಿ ಬಂದ 'ಟೀ ಫಾರ್ ದ ಟಿಲ್ಲರ್‌ಮ್ಯಾನ್ 2'. 1970ರಲ್ಲಿ ಅದೇ ಹೆಸರಿನಲ್ಲಿ ಬಂದಿದ್ದ ಆಲ್ಬಮ್ಮಿನ ಹನ್ನೊಂದು ಹಾಡುಗಳನ್ನೇ ಯೂಸುಫ್ ಮತ್ತೆ ಹಾಡಿದ್ದಾರೆ. ಅಂದಿನ ನಿರ್ಮಾಪಕ ಪಾಲ್ ಸ್ಯಾಮ್ವೆಲ್-ಸ್ಮಿತ್, ಗಿಟಾರಿಗ ಆಲನ್ ಡೇವಿಸ್ ಇಲ್ಲಿಯೂ ಇದ್ದಾರೆ.

ಎಲ್ಲವೂ ಬೇಕಿತ್ತೇ? ಇಲ್ಲ. 'ವೈಲ್ಡ್ ವರ್ಲ್ಡ್' ಹಳೇ ಕಾಲದ ನೃತ್ಯಶಾಲೆಯ ಲಯಕ್ಕೆ ತಿರುಗಿಕೊಂಡಿದೆ. ಒಮ್ಮೆ ಕೇಳಿ ನಗಬಹುದು, ಅಷ್ಟೆ. 'ಮೈಲ್ಸ್ ಫ್ರಂ ನೋವೇರ್' ಕ್ಷಯರೋಗದಿಂದ ಎದ್ದುಬಂದ ಹುಡುಗನ ಹಾಡು. ಊರು ಸೇರಿದವನ ಬಾಯಲ್ಲಿ ದಾರಿಯ ಹಸಿವು ಹುಟ್ಟುವುದು ಕಷ್ಟ. ಮಕ್ಕಳು ಎಲ್ಲಿ ಆಡಬೇಕು ಎಂದು ಕೇಳುವ ಹಾಡು ಮಾತ್ರ ಈಗ ಇನ್ನಷ್ಟು ಚುಚ್ಚುತ್ತದೆ.

ಆದರೆ 'ಫಾದರ್ ಆ್ಯಂಡ್ ಸನ್' ಒಂದಕ್ಕಾಗಿ ಈ ಆಲ್ಬಮ್ಮಿನ ಉಳಿದ ತಪ್ಪುಗಳನ್ನೆಲ್ಲ ಮಾಫಿ ಮಾಡಬಹುದು. ಮೂಲತಃ ಇದು ರಷ್ಯಾದ ಕ್ರಾಂತಿಯ ಕುರಿತ ಸಂಗೀತ ನಾಟಕವೊಂದಕ್ಕೆ ಬರೆದದ್ದು. ಮಗ ಕ್ರಾಂತಿಗೆ ಹೊರಟಿದ್ದಾನೆ, ಅಪ್ಪ ತಡೆಯುತ್ತಾನೆ. ನಾಟಕ ರಂಗಕ್ಕೇರಲಿಲ್ಲ, ಹಾಡು ಉಳಿಯಿತು. 1970ರಲ್ಲಿ ಇಪ್ಪತ್ತೆರಡರ ಹುಡುಗ ಎರಡೂ ಪಾತ್ರಗಳನ್ನು ತಾನೇ ಹಾಡಿದ್ದ: ಅಪ್ಪನಿಗೆ ತಗ್ಗಿದ ದನಿ, ಮಗನಿಗೆ ಏರಿದ ದನಿ. ಕಥೆ ಬರೆಯುವವನಾಗಿ ನನಗೆ ಇಷ್ಟವಾಗುವುದು, ಅಲ್ಲಿ ಅಪ್ಪ ಖಳನಲ್ಲ. ಇಬ್ಬರೂ ಮಾತಾಡುತ್ತಾರೆ, ಯಾರೂ ಯಾರಿಗೂ ಉತ್ತರಿಸುವುದಿಲ್ಲ. ನಮ್ಮ ಮನೆಗಳ ಪಡಸಾಲೆಯಲ್ಲಿ ನಡೆಯುವುದೂ ಇದೇ ಅಲ್ಲವೇ?

2020ರಲ್ಲಿ ಅಪ್ಪನ ಪಾಲನ್ನು ಎಪ್ಪತ್ತು ದಾಟಿದ ಯೂಸುಫ್ ಹಾಡಿದ್ದಾರೆ. ಮಗನ ದನಿ 1970ರದ್ದೇ, ಲಾಸ್ ಏಂಜಲೀಸಿನ ಟ್ರೂಬಡೂರ್ ಕ್ಲಬ್ಬಿನಲ್ಲಿ ಹಾಡಿದಾಗ ಮುದ್ರಿಸಿಕೊಂಡದ್ದು. ಅಂದು ಹುಡುಗ ಮುದುಕನ ನಟನೆ ಮಾಡಿದ್ದ. ಇಂದು ಮುದುಕನಿಗೆ ನಟನೆಯ ಅಗತ್ಯವಿಲ್ಲ. ದನಿ ಒರಟಾಗಿದೆ, ಅವಸರವಿಲ್ಲ. ಹುಡುಗ ಮನೆ ಬಿಟ್ಟೇ ಹೋಗುತ್ತಾನೆಂದು ಈ ಅಪ್ಪನಿಗೆ ಗೊತ್ತು. ಎಲ್ಲಿಗೆ ಹೋಗಿ ಸೇರುತ್ತಾನೆಂಬುದೂ ಗೊತ್ತು.

ಸಂಗೀತ ಹಲಾಲೋ ಹರಾಮೋ ಎಂಬ ಬಗ್ಗೆ ಉಲೇಮಾಗಳಲ್ಲಿ ಇಖ್ತಿಲಾಫ್ ಇದೆ, ಅದು ಈ ಲೇಖನದಲ್ಲಿ ತೀರುವಂಥದ್ದಲ್ಲ. ನಾನು ಗಮನಿಸಿದ್ದು ಬೇರೆಯದನ್ನು. ಆ ಹುಡುಗನ ದನಿ ಕಲಿಮಾಕ್ಕಿಂತ ಏಳು ವರ್ಷ ಹಿಂದಿನದು. ಹಿರಿಯ ಯೂಸುಫ್ ಅದನ್ನು ಅಳಿಸಿಲ್ಲ, ಅದರಿಂದ ತೌಬಾ ಮಾಡಿಸಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಅದು ಎದುರು ಮಾತಾಡಲು ಬಿಟ್ಟಿದ್ದಾರೆ. ಯೌವನದ ಫೋಟೋ, ಕ್ಯಾಸೆಟ್ಟುಗಳನ್ನು ಟ್ರಂಕಿನ ತಳಕ್ಕೆ ತಳ್ಳಿ ಅವು ಇರಲೇ ಇಲ್ಲವೆನ್ನುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಕೇಳುವವರು ಮೊದಲು 1970ರ ಹಾಡನ್ನೇ ಕೇಳಲಿ. ಆ ಹುಡುಗನ ಪರಿಚಯವಿಲ್ಲದಿದ್ದರೆ, ಎರಡನೆಯದರಲ್ಲಿ ಮುದುಕ ಯಾರೊಂದಿಗೆ ಮಾತಾಡುತ್ತಿದ್ದಾನೆಂಬುದು ತಿಳಿಯುವುದಿಲ್ಲ.